ಪಂಪಿಂಗ್ ಶೇ 28 ಸರಿ, ಬದುಕು ಶೇ ಎಷ್ಟು?

ತಿಪಟೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನಗೆ ಅಂಕಗಳ ವಿಷಯದಲ್ಲಿ ಮೊದಲಿನಿಂದಲೂ ಒಂದು ಪಟ್ಟು ಇದೆ. ಅಂಕ ಬೇಕು, ಅದಿಲ್ಲದೆ ಯಾರು ಎಲ್ಲಿ ತಡವರಿಸುತ್ತಿದ್ದಾರೆಂದು ತಿಳಿಯುವುದಿಲ್ಲ. ಆದರೆ ಅಂಕ ನೋಡುವ ಮೊದಲು ಪ್ರಶ್ನೆಪತ್ರಿಕೆ ನೋಡಬೇಕು, ಏಕೆಂದರೆ ಕೇಳದೇ ಬಿಟ್ಟದ್ದಕ್ಕೆ ಯಾರೂ ಉತ್ತರ ಬರೆದಿರುವುದಿಲ್ಲ. ಹೃದಯಾಘಾತವಾಗಿ, ಅದರ ಬೆನ್ನಿಗೇ ‘ಹಾರ್ಟ್ ಫೇಲ್ಯೂರ್’ (ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾಗದ ಸ್ಥಿತಿ) ಎಂಬ ಮಾತು ನನ್ನ ಕಡತಕ್ಕೆ ಸೇರಿ, 2022ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೃದಯ ವೈಫಲ್ಯದ ರೋಗಿಗಳ ಜೀವನ ಗುಣಮಟ್ಟವನ್ನು ಅಳೆಯುವ ಅಧ್ಯಯನಕ್ಕೆ ನಾನು ಒಪ್ಪಿಕೊಂಡಾಗಲೂ ಈ ಪಟ್ಟನ್ನು ಬಿಟ್ಟಿರಲಿಲ್ಲ.

ಆ ವೇಳೆಗೆ ನನಗೊಂದು ಸಂಖ್ಯೆ ಅಂಟಿಕೊಂಡಿತ್ತು. ಹೃದಯದ ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದ ಶೇ 28ರಷ್ಟನ್ನು ಮಾತ್ರ ಹೊರಕ್ಕೆ ತಳ್ಳುತ್ತಿದೆ ಎಂದು ಎಕೋ, ಅಂದರೆ ಹೃದಯದ ಸ್ಕ್ಯಾನ್, ವರದಿಯಲ್ಲಿ ಬಂದಿತ್ತು. ಆರೋಗ್ಯವಂತರಲ್ಲಿ ಇದು ಶೇ 55ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲಿರುತ್ತದೆ; ಶೇ 40 ಅಥವಾ ಅದಕ್ಕಿಂತ ಕಡಿಮೆಯಾದರೆ ಪಂಪಿಂಗ್ ಕುಗ್ಗಿದ ವೈಫಲ್ಯವೆಂದು ವೈದ್ಯರು ವಿಂಗಡಿಸುತ್ತಾರೆ. ಫೋನ್ ಮಾಡಿದ ನೆಂಟರೆಲ್ಲ ‘ಹೇಗಿದ್ದೀರಿ’ ಎನ್ನುವುದನ್ನು ಬಿಟ್ಟು ‘ಪಂಪಿಂಗ್ ಈಗ ಎಷ್ಟಿದೆ’ ಎಂದು ಕೇಳುವ ರೂಢಿ ಬೆಳೆಯಿತು. ಆದರೆ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದ, ನನಗಿಂತ ಕಡಿಮೆ ಪಂಪಿಂಗ್‌ನ ಹೆಂಗಸೊಬ್ಬರು ತಾವೇ ಎದ್ದು ಹೋಗಿ ಬಿಸಿನೀರು ಹಿಡಿದು ತರುತ್ತಿದ್ದರು; ನಾನು ಸ್ನಾನದ ಮನೆಯಿಂದ ಹಾಸಿಗೆಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದೆ. ಎಕೋದ ಅಂಕಕ್ಕೂ ರೋಗಿಯ ದಿನಚರಿಗೂ ನೇರ ಸಂಬಂಧ ಬಹಳ ಕಡಿಮೆ ಎಂದು ವೈದ್ಯರೇ ಆಮೇಲೆ ಹೇಳಿದರು.

ಹಾಗಾದರೆ ದಿನಚರಿಯನ್ನು ಅಳೆಯುವುದು ಹೇಗೆ? ಓಪಿಡಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿ ರೂಪಿಸಿದ ನಾಲ್ಕು ದರ್ಜೆಗಳ ಪದ್ಧತಿ. ಮಾಮೂಲಿ ಕೆಲಸಕ್ಕೆ ತೊಂದರೆಯೇ ಇಲ್ಲದವರು ಮೊದಲ ದರ್ಜೆ, ಸುಮ್ಮನೆ ಕುಳಿತಿದ್ದರೂ ಉಸಿರಾಡಲು ಕಷ್ಟಪಡುವವರು ನಾಲ್ಕನೆಯದು, ಉಳಿದವರೆಲ್ಲ ನಡುವಿನ ಎರಡರಲ್ಲಿ. ‘ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದಾ ಟೀಚರಮ್ಮ?’ ಎಂಬ ಒಂದೇ ಪ್ರಶ್ನೆಯಿಂದ ವೈದ್ಯರು ನನ್ನನ್ನು ಮೂರನೆಯ ದರ್ಜೆಗೆ ಹಾಕಿದರು. ಅದು ಅವರ ಅಂದಾಜು; ಬೇರೊಬ್ಬರು ಎರಡಕ್ಕೆ ಹಾಕಿದ್ದರೂ ನಾನು ವಾದಿಸುವಂತಿರಲಿಲ್ಲ.

ಅಧ್ಯಯನಕ್ಕೆ ಒಪ್ಪಿಗೆ ಪತ್ರವನ್ನು ಓದಿ ಹೇಳಿದವಳು ಸಂಶೋಧನಾ ವಿಭಾಗದ ಯುವ ದಾದಿ. ಭಾಗವಹಿಸದಿದ್ದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗುವುದಿಲ್ಲ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಯಾವ ಪ್ರಶ್ನೆಗೆ ಇಷ್ಟವಿಲ್ಲವೋ ಅದನ್ನು ಬಿಡಬಹುದು ಎಂಬುದನ್ನೆಲ್ಲ ಅವಳು ನಿಧಾನವಾಗಿ ವಿವರಿಸಿದಳು. ಆರಂಭದಲ್ಲೊಮ್ಮೆ, ಕೆಲವು ತಿಂಗಳಾದ ಮೇಲೊಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ಅದೇ ಹಾಳೆಗಳನ್ನು ತುಂಬಬೇಕು ಎಂಬುದು ವ್ಯವಸ್ಥೆ. ಸಹಿಯಾದ ಪ್ರತಿಯೊಂದನ್ನು ನನ್ನ ಕೈಗೂ ಕೊಟ್ಟಳು. ನಮ್ಮ ಯಜಮಾನರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಪ್ರಶ್ನೆಗಳಿಗೆ ತಾವೇ ಉತ್ತರಿಸುವವರಂತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಮೊದಲ ಹಾಳೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಸಿದ್ಧವಾದ ಪ್ರಶ್ನಾವಳಿಯ ಕನ್ನಡ ಪ್ರತಿ. ಅದರಲ್ಲಿ 21 ಪ್ರಶ್ನೆಗಳಿವೆ, ಎಲ್ಲದರ ಆರಂಭವೂ ಒಂದೇ: ಕಳೆದ ಒಂದು ತಿಂಗಳಲ್ಲಿ ನಿಮ್ಮ ಹೃದಯ ವೈಫಲ್ಯವು ನೀವು ಬಯಸಿದಂತೆ ಬದುಕಲು ಅಡ್ಡಿಯಾಯಿತೇ? ಅಡ್ಡಿಯಾದ ಬಗೆ ಮಾತ್ರ ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗುತ್ತದೆ. ಕಾಲಿಗೆ ಊತ ಬಂದು, ಹಗಲಲ್ಲಿ ಮಲಗುವಂತೆ ಮಾಡಿ, ನಿದ್ದೆ ಕೆಡಿಸಿ, ಇಷ್ಟದ ತಿನಿಸನ್ನು ಕಡಿಮೆ ಮಾಡಿಸಿ, ಆಸ್ಪತ್ರೆಯಲ್ಲಿ ಇರಿಸಿ, ಔಷಧಕ್ಕೆ ಹಣ ಖರ್ಚು ಮಾಡಿಸಿ, ಮನೆಯವರಿಗೆ ಹೊರೆಯಾದೆನೆಂಬ ಭಾವ ಹುಟ್ಟಿಸಿ. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಎಲ್ಲವನ್ನೂ ಕೂಡಿದರೆ ಗರಿಷ್ಠ 105. ಇಲ್ಲಿ ಅಂಕ ಹೆಚ್ಚಿದಷ್ಟೂ ಸ್ಥಿತಿ ಕೆಟ್ಟದು.

ನಾನು ಓದಿ ಮುಗಿಸುವ ಮೊದಲೇ ಯಜಮಾನರು ‘ಇವಳಿಗೆ ಈಗ ಏನೂ ತೊಂದರೆ ಇಲ್ಲಮ್ಮ, ಮನೆಯಲ್ಲಿ ಒಂದು ಕೆಲಸ ಮಾಡೋಕೆ ಬಿಟ್ಟಿಲ್ಲ ನಾವು’ ಎಂದರು. ಅವರು ಹೇಳಿದ್ದು ಅಭಿಮಾನದಿಂದ, ಮತ್ತು ಅದು ನಿಜವೂ ಹೌದು. ಆದರೆ ಕೆಲಸ ಮಾಡಲು ಬಿಡದಿರುವುದೂ ತೊಂದರೆ ಇಲ್ಲದಿರುವುದೂ ಒಂದೇ ಎಂದು ಅವರ ಲೆಕ್ಕದಲ್ಲಿತ್ತು. ದಾದಿ ಬಹಳ ಜಾಣತನದಿಂದ ‘ಅಪ್ಪಾಜಿ, ಕೆಳಗೆ ಫಾರ್ಮಸಿಯಲ್ಲಿ ಚೀಟಿ ಕೊಟ್ಟು ಬರ್ತೀರಾ, ಆಮೇಲೆ ಕ್ಯೂ ಜಾಸ್ತಿಯಾಗುತ್ತೆ’ ಎಂದು ಅವರನ್ನು ಕಳಿಸಿದಳು. ರೋಗಿಯ ಪರವಾಗಿ ಮನೆಯವರು ಕೊಡುವ ಉತ್ತರವನ್ನು ರೋಗಿಯ ಉತ್ತರವೆಂದು ಬರೆದುಕೊಳ್ಳುವಂತಿಲ್ಲ ಎಂಬುದು ಅವಳಿಗೆ ಕೊಟ್ಟ ತರಬೇತಿಯ ಭಾಗ. ಅದಕ್ಕಿಂತ ಮುಖ್ಯವಾಗಿ, 21 ಪ್ರಶ್ನೆಗಳಲ್ಲೊಂದು ದಾಂಪತ್ಯದ ದೈಹಿಕ ಸಂಬಂಧದ ಬಗೆಗಿತ್ತು. ಅವರು ಪಕ್ಕದಲ್ಲಿದ್ದಿದ್ದರೆ ನಾನು ಅದನ್ನು ಓದಿದಂತೆಯೂ ತೋರಿಸಿಕೊಳ್ಳುತ್ತಿರಲಿಲ್ಲ.

ಆ ಪ್ರಶ್ನೆಯಲ್ಲಿಯೇ ನನ್ನ ಗಣಿತದ ತಲೆಗೆ ಮೊದಲ ತಕರಾರು ಹೊಳೆಯಿತು. ಪ್ರಶ್ನೆ ನಿಮಗೆ ಅನ್ವಯಿಸದಿದ್ದರೆ ಸೊನ್ನೆ ಹಾಕಿ ಎಂದು ಸೂಚನೆಯಲ್ಲಿದೆ. ತೊಂದರೆಯೇ ಇಲ್ಲದಿದ್ದರೂ ಸೊನ್ನೆ. ದುಡಿಮೆಗೆ ಅಡ್ಡಿಯಾಯಿತೇ ಎಂಬ ಪ್ರಶ್ನೆಗೆ ನಿವೃತ್ತಳಾದ ನಾನೂ ಸೊನ್ನೆ, ಅಂಗಡಿಯಲ್ಲಿ ಎಂದಿನಂತೆ ನಿಂತು ವ್ಯಾಪಾರ ಮಾಡುವವನೂ ಸೊನ್ನೆ. ಮೊತ್ತ ಮಾತ್ರ ನೋಡುವವರಿಗೆ ಈ ಎರಡು ಸೊನ್ನೆಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ಇದನ್ನು ದಾದಿಗೆ ಹೇಳಿದಾಗ ಅವಳು ನಕ್ಕು, ಅದಕ್ಕೇ ಇನ್ನೊಂದು ಹಾಳೆಯೂ ಇದೆ, ಅದನ್ನು ನೋಡಿ ಎಂದಳು. ಮೊದಲ ಹಾಳೆಯಲ್ಲಿ ನನ್ನ ಮೊತ್ತ 62 ಬಂತು.

ಇನ್ನೊಂದು ಹಾಳೆ ಅಮೆರಿಕದ್ದೇ ಆದ ಕಾನ್ಸಾಸ್ ಸಿಟಿ ಕಾರ್ಡಿಯೊಮಯೋಪತಿ (ಹೃದಯ ಸ್ನಾಯುವಿನ ಕಾಯಿಲೆ) ಪ್ರಶ್ನಾವಳಿ. ಅಲ್ಲಿನ ಹೃದಯತಜ್ಞ ಜಾನ್ ಸ್ಪೆರ್ಟಸ್ ಮತ್ತು ಸಂಗಡಿಗರು ಇದನ್ನು 2000ದಲ್ಲಿ ಪ್ರಕಟಿಸಿದರು. ಮೂಲದಲ್ಲಿ 23 ಅಂಶಗಳಿದ್ದವು. ಓಪಿಡಿಯ ಗಡಿಬಿಡಿಗೆ ಹೊಂದುವಂತೆ 12 ಪ್ರಶ್ನೆಗಳ ಚಿಕ್ಕ ರೂಪ 2015ರಲ್ಲಿ ಬಂತು, ನನಗೆ ಕೊಟ್ಟದ್ದು ಅದು. ಕಳೆದ ಎರಡು ವಾರಗಳ ಬಗ್ಗೆ ಮಾತ್ರ ಕೇಳುತ್ತದೆ. ದೈಹಿಕ ಮಿತಿ, ಲಕ್ಷಣಗಳು ಎಷ್ಟು ಸಲ ಬಂದವು, ಜೀವನದ ಗುಣಮಟ್ಟ, ಸಾಮಾಜಿಕ ಮಿತಿ ಎಂಬ ನಾಲ್ಕು ಭಾಗಗಳು. ಪ್ರತಿ ಭಾಗವನ್ನೂ ಸೊನ್ನೆಯಿಂದ ನೂರಕ್ಕೆ ಪರಿವರ್ತಿಸಿ ನಾಲ್ಕರ ಸರಾಸರಿ ತೆಗೆಯುತ್ತಾರೆ. ಇಲ್ಲಿ ಮೊದಲ ಹಾಳೆಗೆ ತದ್ವಿರುದ್ಧ: ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು. ಒಂದೇ ದಿನ ಒಂದೇ ಮೇಜಿನ ಮೇಲೆ ಎರಡು ದಿಕ್ಕಿನ ಅಳತೆಗಳನ್ನು ಇಟ್ಟವರ ಬಗ್ಗೆ ನನಗೆ ಸ್ವಲ್ಪ ಅಸಮಾಧಾನವಾಯಿತು. ಮಕ್ಕಳಿಗೆ ಹೀಗೆ ಎರಡು ಪತ್ರಿಕೆ ಕೊಟ್ಟಿದ್ದರೆ ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿ ವಿಚಾರಿಸುತ್ತಿದ್ದರು.

ಈ ಹಾಳೆಯ ಮೊದಲ ಭಾಗದಲ್ಲಿ ಸ್ನಾನ ಮಾಡುವುದು, ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ದೂರ ನಡೆಯುವುದು, ಆತುರವಾಗಿ ನಡೆಯುವುದು ಅಥವಾ ಓಡುವುದು ಎಂಬ ಮೂರು ಕೆಲಸಗಳಿವೆ. ವಿಪರೀತ ಮಿತಿಯಿದ್ದರೆ 1, ಏನೂ ಮಿತಿಯಿಲ್ಲದಿದ್ದರೆ 5. ಇವುಗಳ ಕೊನೆಗೆ ಆರನೆಯ ಆಯ್ಕೆಯೊಂದಿದೆ: ಬೇರೆ ಕಾರಣದಿಂದ ಮಿತಿಯಿದೆ ಅಥವಾ ಆ ಕೆಲಸವನ್ನು ಮಾಡಲೇ ಇಲ್ಲ. ಇದನ್ನು ಆರಿಸಿದರೆ ಅದು ಆರು ಅಂಕವಾಗುವುದಿಲ್ಲ. ಆ ಪ್ರಶ್ನೆಯನ್ನೇ ಲೆಕ್ಕದಿಂದ ಕೈಬಿಡುತ್ತಾರೆ. ಹಿಂದಿನ ಹಾಳೆಯ ಎರಡು ಸೊನ್ನೆಗಳ ಗೊಂದಲಕ್ಕೆ ಇದು ಪರಿಹಾರವೇ, ಆದರೆ ಪರಿಹಾರವೇ ನನಗೆ ಹೊಸ ತೊಡಕನ್ನು ಒಡ್ಡಿತು. ಅರವತ್ತು ದಾಟಿದ, ಸೀರೆಯುಟ್ಟ, ಮಂಡಿನೋವಿರುವ ತಿಪಟೂರಿನ ಹೆಂಗಸು ಹೃದಯ ಸರಿಯಿದ್ದಾಗಲೂ ಓಡುತ್ತಿರಲಿಲ್ಲ. ಹಾಗೆಂದು ಆರನೆಯದನ್ನು ಆರಿಸಲೇ? ಆದರೆ ನಾನು ಆತುರಪಡುತ್ತಿದ್ದೆ. ಬೆಂಗಳೂರಿಗೆ ಬಂದು ಹೋಗುವಾಗ ಯಶವಂತಪುರ ನಿಲ್ದಾಣದ ಮೇಲ್ಸೇತುವೆಯನ್ನು ರೈಲು ಬರುವುದರೊಳಗೆ ದಾಟಬೇಕಿತ್ತು. ಖಾಯಿಲೆಗೆ ಮುಂಚೆ ದಾಟುತ್ತಿದ್ದೆ, ಆಮೇಲೆ ಅರ್ಧಕ್ಕೇ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಮಂಡಿಯಿಂದ ನಿಂತಿದ್ದಲ್ಲ, ಉಸಿರಿಗೆ ನಿಂತಿದ್ದು.

ಸರಿ, ಯಾವುದಕ್ಕೆ ಗುರುತು ಹಾಕಲಿ ಎಂದು ಕೇಳಿದರೆ ದಾದಿ ಉತ್ತರ ಹೇಳುವಂತಿರಲಿಲ್ಲ. ಪ್ರಶ್ನೆಯನ್ನು ಇದ್ದಂತೆ ಮತ್ತೊಮ್ಮೆ ಓದಬಹುದು, ಅರ್ಥ ಬಿಡಿಸಿ ಹೇಳುವುದಾಗಲಿ ಉದಾಹರಣೆ ಕೊಡುವುದಾಗಲಿ ಮಾಡಬಾರದು. ಹಾಗೆ ಮಾಡಿದರೆ ಒಬ್ಬೊಬ್ಬ ರೋಗಿಗೆ ಒಂದೊಂದು ಪ್ರಶ್ನೆ ಕೇಳಿದಂತಾಗುತ್ತದೆ. ನಾನು ಮೇಲ್ಸೇತುವೆಯನ್ನು ನೆನೆದು 1 ಎಂದೇ ಹಾಕಿದೆ. ಸ್ನಾನಕ್ಕೆ 4, ನಡಿಗೆಗೆ 3.

ಮನೆಗೆ ಬಂದ ಮೇಲೆ ಸುಮ್ಮನಿರಲಾರದೆ ಲೆಕ್ಕ ಹಾಕಿದೆ. ಅಂಕ ತೆಗೆಯುವ ವಿಧಾನವನ್ನು ದಾದಿ ಹೇಳಿದ್ದಳು: ಉತ್ತರಗಳ ಸರಾಸರಿಯಿಂದ ಒಂದನ್ನು ಕಳೆದು, ನಾಲ್ಕರಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ನಾಲ್ಕು, ಮೂರು, ಒಂದರ ಸರಾಸರಿ 2.67, ದೈಹಿಕ ಮಿತಿಯ ಅಂಕ ಸುಮಾರು 42. ಓಡುವ ಪ್ರಶ್ನೆಗೆ ಆರನೆಯ ಆಯ್ಕೆಯನ್ನು ಗುರುತಿಸಿದ್ದರೆ ಉಳಿದ ಎರಡರ ಸರಾಸರಿ 3.5, ಅಂಕ 62.5. ನನ್ನ ಹೃದಯದಲ್ಲಿ ಏನೂ ಬದಲಾಗದೆ ಬರೀ ಒಂದು ಗುರುತಿನಿಂದ ಆ ಭಾಗದಲ್ಲಿ 20ಕ್ಕೂ ಹೆಚ್ಚು ಅಂಕಗಳ ಏರಿಕೆ! ನಾಲ್ಕು ಭಾಗಗಳ ಒಟ್ಟು ಸರಾಸರಿಗೆ ಬಂದಾಗ 40 ಇರಬೇಕಾದದ್ದು 45 ಆಗುತ್ತಿತ್ತು. ಈ ಐದು ಅಂಕ ಅಲ್ಪವೆಂದು ತಳ್ಳಿಹಾಕುವಂಥದ್ದಲ್ಲ, ಏಕೆಂದರೆ ಈ ಪ್ರಶ್ನಾವಳಿಯಲ್ಲಿ 5 ಅಂಕಗಳ ಬದಲಾವಣೆಯನ್ನು ಚಿಕ್ಕದಾದರೂ ರೋಗಿಗೆ ಗೊತ್ತಾಗುವ ಬದಲಾವಣೆ ಎಂದೂ 10ನ್ನು ಮಧ್ಯಮ, 20ನ್ನು ದೊಡ್ಡದು ಎಂದೂ ಪರಿಗಣಿಸುತ್ತಾರೆ. ಆದ್ದರಿಂದ ಓದುಗರಲ್ಲಿ ಯಾರಾದರೂ ಇಂಥ ಹಾಳೆ ತುಂಬುವವರಿದ್ದರೆ ನನ್ನ ಒಂದು ಸಲಹೆ: ಮೊದಲ ಸಲ ಒಂದು ಪ್ರಶ್ನೆಯನ್ನು ಯಾವ ಕೆಲಸ ನೆನೆದು ಉತ್ತರಿಸಿದಿರೋ, ಮುಂದಿನ ಸಲವೂ ಅದೇ ಕೆಲಸವನ್ನು ನೆನೆಯಿರಿ. ನಾನು ಮೇಲ್ಸೇತುವೆ ಎಂದು ತೂಕ ಬರೆಯುವ ಪುಸ್ತಕದ ಅಂಚಿನಲ್ಲಿ ಗುರುತು ಮಾಡಿಕೊಂಡೆ.

ಲಕ್ಷಣಗಳ ಭಾಗದಲ್ಲೂ ಹೀಗೆಯೇ ಯೋಚಿಸಬೇಕಾದ ಸ್ಥಳಗಳಿದ್ದವು. ಬೆಳಗ್ಗೆ ಎದ್ದಾಗ ಪಾದಗಳಲ್ಲಿ ಊತ ಎಷ್ಟು ದಿನ ಇತ್ತು ಎಂದು ಕೇಳುತ್ತಾರೆ. ನನ್ನ ಊತ ಹೆಚ್ಚಾಗಿ ಸಂಜೆಯದು. ಕಾಲುಂಗುರ ಬಿಗಿದು, ಚಪ್ಪಲಿಯ ಪಟ್ಟಿಯ ಅಚ್ಚು ಮೂಡುವುದು ದೀಪ ಹಚ್ಚುವ ಹೊತ್ತಿಗೆ. ರಾತ್ರಿ ಮಲಗಿದರೆ ಬಹುಪಾಲು ಇಳಿದಿರುತ್ತದೆ. ಬೆಳಗಿನವರೆಗೂ ಉಳಿಯುವ ಊತವೇ ದೇಹದಲ್ಲಿ ನೀರು ನಿಂತಿದೆ ಎಂಬುದಕ್ಕೆ ಬಲವಾದ ಸೂಚನೆಯಾದ್ದರಿಂದ ಪ್ರಶ್ನೆ ಹಾಗಿದೆ ಎಂದು ಊಹಿಸಿ, ವಾರಕ್ಕೆ ಒಂದೆರಡು ದಿನ ಎಂದು ಗುರುತಿಸಿದೆ. ಇನ್ನೊಂದು ಪ್ರಶ್ನೆ, ಉಸಿರಾಟದ ತೊಂದರೆಯಿಂದ ಕುರ್ಚಿಯಲ್ಲಿ ಕುಳಿತು ಅಥವಾ ಕನಿಷ್ಠ ಮೂರು ದಿಂಬು ಇಟ್ಟುಕೊಂಡು ಎಷ್ಟು ರಾತ್ರಿ ಮಲಗಿದಿರಿ ಎಂಬುದು. ನಮ್ಮ ಮನೆಯಲ್ಲಿ ಒಬ್ಬರಿಗೆ ಮೂರು ದಿಂಬು ಎಂಬ ಪದ್ಧತಿಯೇ ಇಲ್ಲ. ನಾನು ಗೋಡೆಗೆ ಒತ್ತಿಟ್ಟ ಹಾಸಿಗೆ ಸುರುಳಿಗೆ ಒರಗಿ ನಿದ್ದೆ ಮಾಡುತ್ತಿದ್ದೆ. ಅದು ದಿಂಬಿನ ಲೆಕ್ಕವೋ ಕುರ್ಚಿಯ ಲೆಕ್ಕವೋ ಎಂಬುದಕ್ಕಿಂತ ಚಪ್ಪಟೆಯಾಗಿ ಮಲಗಲು ಆಗಲಿಲ್ಲ ಎಂಬುದೇ ವಿಷಯವೆಂದು, ವಾರಕ್ಕೆ ಮೂರು ಅಥವಾ ಹೆಚ್ಚು ಸಲ ಎಂದು ಬರೆದೆ. ಈ ಸಂಗತಿಯನ್ನು ನಾನು ಅದುವರೆಗೆ ವೈದ್ಯರಿಗೆ ಹೇಳಿಯೇ ಇರಲಿಲ್ಲ. ಅವರು ನಿದ್ದೆ ಹೇಗಿದೆ ಎಂದು ಕೇಳಿದಾಗಲೆಲ್ಲ ನಿದ್ದೆ ಬರುತ್ತದೆ ಎಂದಿದ್ದೆ, ನಿದ್ದೆ ಬರುತ್ತಲೂ ಇತ್ತು.

ಹಾಳೆಗಳಾದ ಮೇಲೆ ಆರು ನಿಮಿಷದ ನಡಿಗೆ. 30 ಮೀಟರ್ ಉದ್ದದ ಕಾರಿಡಾರಿನ ಎರಡು ತುದಿಗೆ ಕೆಂಪು ಶಂಕುಗಳನ್ನಿಟ್ಟು, ಅವುಗಳ ಸುತ್ತ ತಿರುಗಿ ಬರುತ್ತ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೇವೆ ಎಂದು ಅಳೆಯುತ್ತಾರೆ. ಸುಸ್ತಾದರೆ ನಿಲ್ಲಬಹುದು, ಗಡಿಯಾರ ನಿಲ್ಲುವುದಿಲ್ಲ. ಪ್ರತಿ ನಿಮಿಷಕ್ಕೊಮ್ಮೆ ‘ಚೆನ್ನಾಗಿ ನಡೀತಿದ್ದೀರಿ, ಇನ್ನು ಇಷ್ಟು ನಿಮಿಷ ಇದೆ’ ಎನ್ನುವುದನ್ನು ಬಿಟ್ಟು ಜೊತೆಗಿದ್ದವರು ಬೇರೇನೂ ಮಾತಾಡುವುದಿಲ್ಲ, ಏಕೆಂದರೆ ಹುರಿದುಂಬಿಸಿದರೆ ದೂರ ಹೆಚ್ಚಾಗುತ್ತದೆ. ಮೊದಲೂ ಕೊನೆಗೂ ನಾಡಿಬಡಿತ, ಆಮ್ಲಜನಕದ ಪ್ರಮಾಣ ನೋಡಿ, ಉಸಿರಿನ ಕಷ್ಟಕ್ಕೆ ಸೊನ್ನೆಯಿಂದ ಹತ್ತರಲ್ಲಿ ನೀವೇ ಅಂಕ ಕೊಡಿ ಎನ್ನುತ್ತಾರೆ. ನಾನು 285 ಮೀಟರ್ ನಡೆದೆ.

ಕೆಲವು ತಿಂಗಳ ನಂತರದ ಎರಡನೆಯ ಅಳತೆಯ ವೇಳೆಗೆ ಮಾತ್ರೆಗಳೆಲ್ಲ ಸರಿಯಾದ ಪ್ರಮಾಣಕ್ಕೆ ಬಂದಿದ್ದವು: ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್, ಬಿಸೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್, ಮತ್ತು ಮೂತ್ರ ಹೆಚ್ಚಿಸಿ ದೇಹದಲ್ಲಿ ನಿಂತ ನೀರಿಳಿಸುವ, ಎಲ್ಲರೂ ನೀರಿನ ಮಾತ್ರೆ ಎನ್ನುವ ಟಾರ್ಸೆಮೈಡ್. ಎಕೋದಲ್ಲಿ ಪಂಪಿಂಗ್ ಶೇ 31, ಅಂದರೆ ನೆಂಟರಿಗೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಆದರೆ 12 ಪ್ರಶ್ನೆಗಳ ಅಂಕ 40ರಿಂದ 65ಕ್ಕೆ ಏರಿತ್ತು, ನಡಿಗೆ 360 ಮೀಟರಿಗೆ. ನಾನು ಮತ್ತೆ ಚಪ್ಪಟೆಯಾಗಿ ಮಲಗುತ್ತಿದ್ದೆ. ಎಕೋ ಮಾತ್ರ ನೋಡುವವರು ಔಷಧ ಅಷ್ಟಾಗಿ ಹಿಡಿದಿಲ್ಲ ಎನ್ನಬಹುದಿತ್ತು.

ಈ ಸಲ ವೈದ್ಯರು ಒಟ್ಟು ಅಂಕವನ್ನು ಮಾತ್ರ ನೋಡದೆ ಒಂದೊಂದು ಉತ್ತರವನ್ನೂ ಹಿಂದಿನದರ ಪಕ್ಕದಲ್ಲಿಟ್ಟು ನೋಡಿದರು. ಏದುಸಿರಿನ ಉತ್ತರ ಬಹಳ ಸುಧಾರಿಸಿತ್ತು, ಸುಸ್ತಿನ ಉತ್ತರ ಇದ್ದಲ್ಲೇ ಇತ್ತು. ‘ಉಸಿರು ಸರಿಹೋಗಿದೆ, ಸುಸ್ತು ಯಾಕೆ ಹೋಗಿಲ್ಲ ಟೀಚರಮ್ಮ?’ ಎಂದು ನನ್ನನ್ನೇ ಕೇಳಿದರು. ವಯಸ್ಸಾಯಿತಲ್ಲ ಡಾಕ್ಟ್ರೇ ಎಂದೆ. ಅವರು ಒಪ್ಪದೆ ಕಬ್ಬಿಣಾಂಶದ ಪರೀಕ್ಷೆ ಬರೆದರು. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ 100ಕ್ಕಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದಲ್ಲಿ ಕಬ್ಬಿಣದ ಕೊರತೆ ಎಂದು ಹೇಳುತ್ತಾರೆ. ನನ್ನದು 48 ಇತ್ತು. ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟರು. ಇಂಥ ಚಿಕಿತ್ಸೆಗೆ ಬಲ ಕೊಟ್ಟ, 2009ರಲ್ಲಿ ಪ್ರಕಟವಾದ ಫೇರ್-ಎಚ್‌ಎಫ್ ಎಂಬ ಪ್ರಯೋಗದಲ್ಲಿ ಮುಖ್ಯ ಫಲಿತಾಂಶಗಳಲ್ಲೊಂದಾಗಿ ಇಟ್ಟುಕೊಂಡದ್ದು ‘ಈಗ ಹೇಗಿದ್ದೀರಿ’ ಎಂಬುದಕ್ಕೆ ರೋಗಿಗಳೇ ಕೊಟ್ಟ ತೀರ್ಪನ್ನು ಎಂದು ಅವರು ಹೇಳಿದಾಗ ನನಗೆ ಖುಷಿಯಾಯಿತು. ಸುಸ್ತು ಇದೆ ಎಂದು ನಾನು ಬಾಯಲ್ಲಿ ಹೇಳಿದ್ದರೆ ‘ರೆಸ್ಟ್ ತಗೊಳ್ಳಿ’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತೇನೋ. ಎರಡು ಹಾಳೆಗಳಲ್ಲಿ ಒಂದೇ ಚೌಕದ ಮೇಲೆ ಬಿದ್ದ ಗುರುತು ಅಷ್ಟು ಸುಲಭವಾಗಿ ಬಿಡಲಿಲ್ಲ.

ಮಿನ್ನೆಸೋಟ ಹಾಳೆಯಲ್ಲಿ ಮಾತ್ರ ಬೇರೊಂದು ಕಥೆ ನಡೆಯುತ್ತಿತ್ತು. ಮೊತ್ತ 62ರಿಂದ 45ಕ್ಕೆ ಇಳಿದಿತ್ತು ನಿಜ, ಆದರೆ ಹಣದ ಖರ್ಚಿನ ಪ್ರಶ್ನೆಗೆ ಎರಡೂ ಸಲ 5 ಹಾಕಿದ್ದೆ. ಕಾನ್ಸಾಸ್ ಹಾಳೆಯಲ್ಲಿ ಹಣದ ಪ್ರಶ್ನೆಯೇ ಇಲ್ಲ. ಪಿಂಚಣಿಯ ಎಷ್ಟು ಪಾಲು ಔಷಧದ ಅಂಗಡಿಗೆ ಹೋಗುತ್ತದೆ ಎಂಬುದು ಜೀವನದ ಗುಣಮಟ್ಟವಲ್ಲವೇ ಎಂಬುದು ನನ್ನ ವಾದ. ಅದು ಹೃದಯದ ಸ್ಥಿತಿಯಲ್ಲ, ಔಷಧದಿಂದ ಸುಧಾರಿಸುವಂಥದ್ದೂ ಅಲ್ಲ ಎಂಬುದು ದಾದಿಯ ಸಮಜಾಯಿಷಿ. 2023ರ ಆರಂಭದಲ್ಲಿ ಪೇಟೆಂಟ್ ಅವಧಿ ಮುಗಿದು, ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್‌ನ ಜೆನೆರಿಕ್‌ಗಳನ್ನು ಹಲವು ದೇಶೀಯ ಕಂಪನಿಗಳು ಮಾರುಕಟ್ಟೆಗೆ ತಂದು ಬೆಲೆ ಇಳಿದಾಗ, ವರ್ಷದ ಕೊನೆಯ ಹಾಳೆಯಲ್ಲಿ ಆ ಪ್ರಶ್ನೆಗೆ 3 ಹಾಕಿದೆ. ಪೇಟೆಂಟ್ ಕಾನೂನಿನಿಂದ ನನ್ನ ಅಂಕದಲ್ಲಿ ಸುಧಾರಣೆ ಆದದ್ದನ್ನು ಅಧ್ಯಯನದವರು ಯಾವ ಲೆಕ್ಕಕ್ಕೆ ಸೇರಿಸಿಕೊಂಡರೋ.

ವರ್ಷದ ಕೊನೆಯ ಅಳತೆಯೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು. ಪಂಪಿಂಗ್ ಶೇ 36. ಸ್ನಾನಕ್ಕೆ ತೊಂದರೆಯಿಲ್ಲ, ಮೇಲ್ಸೇತುವೆಯನ್ನು ಒಮ್ಮೆ ನಿಂತು ದಾಟುತ್ತಿದ್ದೆ, ಸುಸ್ತು ಕಡಿಮೆಯಾಗಿತ್ತು. ಆದರೂ 12 ಪ್ರಶ್ನೆಗಳ ಒಟ್ಟು ಅಂಕ ಹಿಂದಿನ ಸಲದಂತೆ 65ರಲ್ಲೇ ನಿಂತಿತ್ತು. ದಾದಿಗೆ ಆಶ್ಚರ್ಯವಾಯಿತು, ನನಗೆ ಆಗಲಿಲ್ಲ. ಇನ್ನುಳಿದ ಜೀವನವನ್ನೆಲ್ಲ ಈಗಿರುವ ಸ್ಥಿತಿಯಲ್ಲೇ ಕಳೆಯಬೇಕಾಗಿ ಬಂದರೆ ನಿಮಗೆ ಹೇಗನ್ನಿಸುತ್ತದೆ ಎಂಬುದೊಂದು ಪ್ರಶ್ನೆ ಅದರಲ್ಲಿದೆ. ಆಸ್ಪತ್ರೆಯಿಂದ ಆಗಷ್ಟೇ ಹೊರಬಂದಿದ್ದ ಮೊದಲ ಸಲ, ಗೋಡೆಗೊರಗಿ ನಿದ್ದೆ ಮಾಡುತ್ತಿದ್ದ ಕಾಲದಲ್ಲಿ, ಬಹುಮಟ್ಟಿಗೆ ತೃಪ್ತಿ ಎಂದು ಬರೆದಿದ್ದೆ, ಬದುಕಿದ್ದೇ ದೊಡ್ಡದಾಗಿತ್ತು. ಎರಡನೆಯ ಸಲವೂ ಹಾಗೇ ಬರೆದೆ. ಮೂರನೆಯ ಸಲ ಬಹುಮಟ್ಟಿಗೆ ಅತೃಪ್ತಿ ಎಂದು ಬರೆದೆ. ಏಕೆಂದರೆ ಆ ವೇಳೆಗೆ ನನಗೆ ಬೇಕಾದವು ಹೆಚ್ಚಾಗಿದ್ದವು. ಯುಗಾದಿಗೆ ಹೋಳಿಗೆಯ ಹೂರಣವನ್ನು ನಾನೇ ಕಡೆಯಬೇಕೆನಿಸುತ್ತಿತ್ತು, ತಂಗಿಯ ಮಗಳ ಮದುವೆಗೆ ಹಿಂದಿನ ದಿನವೇ ಹೋಗಿ ಎರಡು ದಿನ ಇರಬೇಕೆನಿಸುತ್ತಿತ್ತು, ಮನೆಪಾಠಕ್ಕೆ ಬರುವ ಮಕ್ಕಳಿಗೆ ಹಲಗೆಯ ಮುಂದೆ ನಿಂತು ರೇಖಾಗಣಿತ ಹೇಳಿಕೊಡಬೇಕೆನಿಸುತ್ತಿತ್ತು. ಮಲಗಿದ್ದಾಗ ಇವು ಯಾವುದೂ ಲೆಕ್ಕದಲ್ಲೇ ಇರಲಿಲ್ಲ.

ಹೀಗೆ ದೈಹಿಕ ಮಿತಿಯ ಅಂಕ 67ರಿಂದ 75ಕ್ಕೂ ಲಕ್ಷಣಗಳದ್ದು 73ರಿಂದ 81ಕ್ಕೂ ಏರಿ, ಸಾಮಾಜಿಕ ಭಾಗವೂ ಸುಧಾರಿಸಿದ್ದರೂ, ಜೀವನ ಗುಣಮಟ್ಟ ಎಂದು ಹೆಸರಿಟ್ಟ ಭಾಗ 62.5ರಿಂದ 37.5ಕ್ಕೆ ಬಿದ್ದು ಸರಾಸರಿಯನ್ನು ಇದ್ದಲ್ಲೇ ಹಿಡಿದಿಟ್ಟಿತು. ರೋಗಿ ತನ್ನೊಳಗಿನ ಅಳತೆಗೋಲನ್ನೇ ಬದಲಿಸಿಕೊಳ್ಳುವ ಈ ವಿದ್ಯಮಾನ ಸಂಶೋಧಕರಿಗೆ ಹೊಸದಲ್ಲ, ಅದರ ಮೇಲೆ ಸಾಕಷ್ಟು ಬರೆದಿದ್ದಾರೆ. ಸಾಮಾನ್ಯವಾಗಿ ಅವರು ಹೇಳುವುದು ಇದರ ಇನ್ನೊಂದು ಮುಖವನ್ನು: ಕಾಯಿಲೆ ಬಲಿತಂತೆ ರೋಗಿ ಆಸೆಗಳನ್ನು ಕಿರಿದಾಗಿಸಿಕೊಂಡು, ದೇಹ ಕುಗ್ಗಿದರೂ ಅಂಕವನ್ನು ಕಾಪಾಡಿಕೊಳ್ಳುತ್ತಾನೆ ಎಂಬುದು. ನನ್ನ ಮೊದಲ ಹಾಳೆಯ ‘ಬಹುಮಟ್ಟಿಗೆ ತೃಪ್ತಿ’ಯೂ ಅದೇ ಜಾತಿಯದು. ಅದಕ್ಕೇ ಒಟ್ಟು ಅಂಕವೊಂದನ್ನೇ ಕಡತದಲ್ಲಿ ಬರೆದಿಡುವುದನ್ನು ನಾನು ಒಪ್ಪುವುದಿಲ್ಲ. ನಾಲ್ಕು ಭಾಗಗಳನ್ನೂ ಬರೆಯಬೇಕು, ಕುಸಿದ ಭಾಗದ ಬಗ್ಗೆ ಒಂದು ಮಾತು ಕೇಳಬೇಕು. ವೈದ್ಯರು ಕೇಳಿದರು. ಮದುವೆಗೆ ಹೋಗಿ ಎಂದರು, ಉಪ್ಪಿನ ಬಗ್ಗೆ ಎಚ್ಚರಿಸಿ, ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ತೂಕ ಏರಿದರೆ ಫೋನ್ ಮಾಡಿ ಎಂದರು, ಮತ್ತು ಹೃದ್ರೋಗಿಗಳಿಗೆ ವ್ಯಾಯಾಮ ಕಲಿಸುವ ವಿಭಾಗಕ್ಕೆ ಚೀಟಿ ಕೊಟ್ಟರು. ಹೂರಣ ಕಡೆಯುವುದಕ್ಕೆ ಮಿಕ್ಸಿ ಇದೆಯಲ್ಲ ಎಂಬ ಅವರ ಮಾತಿಗೆ ನಾನು ಉತ್ತರ ಕೊಡಲಿಲ್ಲ.

ಈ ಅಂಕಗಳಿಂದ ರೋಗಿಗೆ ಸಮಾಧಾನ ಸಿಗುವುದನ್ನು ಬಿಟ್ಟು ಬೇರೇನಾದರೂ ಉಪಯೋಗವಿದೆಯೇ ಎಂದು ನಮ್ಮ ಮಗ ಕೇಳಿದ್ದ. ಇದೆ. 40 ದೇಶಗಳ 23,000ಕ್ಕೂ ಹೆಚ್ಚು ಹೃದಯ ವೈಫಲ್ಯದ ರೋಗಿಗಳಿಗೆ ಇದೇ 12 ಪ್ರಶ್ನೆಗಳನ್ನು ಕೇಳಿ, ಅವರ ಮುಂದಿನ ದಿನಗಳನ್ನು ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು; ಭಾರತದ ರೋಗಿಗಳೂ ಅದರಲ್ಲಿದ್ದರು. ಅಂಕ ಕಡಿಮೆಯಿದ್ದವರಲ್ಲಿ ಸಾವೂ ಆಸ್ಪತ್ರೆ ಸೇರುವುದೂ ಹೆಚ್ಚು ಎಂದು ಅದು ತೋರಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಪ್ರಶ್ನಾವಳಿಯನ್ನು ಹೊಸ ಔಷಧಗಳ ಪರಿಣಾಮ ಅಳೆಯಲು ಯೋಗ್ಯವೆಂದು ಅಂಗೀಕರಿಸಿದೆ. ಅಂದರೆ ಸೀರೆಯುಟ್ಟವಳು ಮೇಲ್ಸೇತುವೆಯ ಮೇಲೆ ಎಷ್ಟು ಹೊತ್ತು ನಿಂತಳೆಂಬುದು ಔಷಧಕ್ಕೆ ಅನುಮತಿ ಕೊಡುವವರ ಮೇಜಿನವರೆಗೂ ಹೋಗಬಹುದಾದ ಮಾಹಿತಿ.

ಅಧ್ಯಯನ ಮುಗಿದಿದೆ. ಅದರೊಂದಿಗೆ ಹಾಳೆಗಳೂ ನಿಂತಿವೆ, ಏಕೆಂದರೆ ಮಾಮೂಲಿ ಓಪಿಡಿಯಲ್ಲಿ ಅವುಗಳನ್ನು ತುಂಬಿಸಲು ಪ್ರತ್ಯೇಕ ದಾದಿಯಿಲ್ಲ, ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ನಾನು ತೂಕದ ಪುಸ್ತಕದಲ್ಲಿಯೇ ಒಂದು ಪುಟ ಬಿಟ್ಟುಕೊಂಡು, ಬೆಂಗಳೂರಿಗೆ ಹೊರಡುವ ಹಿಂದಿನ ದಿನ ನನ್ನದೇ ಮಾತಿನಲ್ಲಿ ನಾಲ್ಕು ಸಾಲು ಬರೆಯುತ್ತೇನೆ: ಎರಡು ವಾರದಲ್ಲಿ ಎಷ್ಟು ಬೆಳಗ್ಗೆ ಊತವಿತ್ತು, ಎಷ್ಟು ರಾತ್ರಿ ಒರಗಿ ಮಲಗಿದೆ, ಮೇಲ್ಸೇತುವೆಯಲ್ಲಿ ಎಷ್ಟು ಸಲ ನಿಂತೆ, ಮಾಡಬೇಕೆಂದಿದ್ದರೂ ಮಾಡದೆ ಬಿಟ್ಟದ್ದು ಏನು. ಯಜಮಾನರು ಅದನ್ನು ಓದಿ ಇದು ಬೇಡ, ಅದು ಬೇಡ ಎನ್ನುತ್ತಾರೆ, ನಾನು ತಿದ್ದುವುದಿಲ್ಲ. ಹೋದ ಸಲ ವೈದ್ಯರು ಪುಸ್ತಕ ಕೈಗೆ ತೆಗೆದುಕೊಂಡವರೇ ತೂಕದ ಕಾಲಂ ಬಿಟ್ಟು ಮೊದಲು ಆ ಪುಟ ತಿರುವಿ, ನಾಲ್ಕನೆಯ ಸಾಲು ಓದಿ, ನೀರಿನ ಮಾತ್ರೆಯನ್ನು ಅರ್ಧ ಮಾಡಿದರು.